ಸ್ತ್ರೀಪಾತ್ರದಿಂದ ಸಂಸಾರದವರೆಗೆ: ಪುಣೆಯ ರಂಗಹಾಸ್ಯದಲ್ಲಿ ಲಿಂಗತ್ವ

ಜೋಡಿಯಲ್ಲಿ ಗಂಡು ಯಾರು, ಹೆಣ್ಣು ಯಾರು ಎಂಬ ಲೆಕ್ಕ ಸಡಿಲಗೊಂಡಾಗ ಹುಟ್ಟುವ ನಗೆಗೆ ಪುಣೆಯ ರಂಗಭೂಮಿಯಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಬೇರು ಕನ್ನಡ ನೆಲದಲ್ಲಿದೆ. 1842ರ ಸುಮಾರಿಗೆ ಹೊನ್ನಾವರದ ಹತ್ತಿರದ ಕರ್ಕಿಯಿಂದ ಹೊರಟ ಯಕ್ಷಗಾನದ ಮೇಳವೊಂದು ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ನೋಡಿ ಮೆಚ್ಚಿದ ಅಲ್ಲಿನ ದೊರೆ ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೂ ಅಂಥದನ್ನು ಕಟ್ಟಲು ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಹೆಂಗಸಿನ ವೇಷವನ್ನು ಗಂಡಸೇ ಕಟ್ಟುವ ಪದ್ಧತಿ ಕರಾವಳಿಯ ಬಯಲಾಟದಲ್ಲಿ ಇದ್ದಂತೆಯೇ ಹೊಸ ಮರಾಠಿ ನಾಟಕದಲ್ಲೂ ನಡೆಯಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ ಸ್ತ್ರೀಪಾತ್ರಧಾರಿಯ ಹಾಡುಗಾರಿಕೆ ಕಂಪನಿ ನಾಟಕಗಳ ಮುಖ್ಯ ಆಕರ್ಷಣೆಯಾಯಿತು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಅದರ ಎರಡನೆಯ ಭಾಗ ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸರ ದಾಖಲೆಗೆ ಸೇರಿಸಿತು. ಹಾಗೆ ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದು ಹಾಡಿದರೆ ಬಂಧಿಸಬಹುದಿತ್ತು. ಕಾಯ್ದೆ ಮೊದಲು ಜಾರಿಯಾದದ್ದು ಉತ್ತರ ಭಾರತದ ಪ್ರಾಂತ್ಯಗಳಲ್ಲಿ, ಪುಣೆಯಲ್ಲಲ್ಲ. ಆದರೆ ಅದೇ 1871ರಲ್ಲಿ ಪುಣೆಯ ನದಿಯಾಚೆ ಯೆರವಡಾ ಜೈಲು ಎದ್ದಿತು, ಮುಂದೆ ಅದರ ನೆರೆಯಲ್ಲೇ ಮಾನಸಿಕ ಆಸ್ಪತ್ರೆಯೂ ಬಂತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಯಸುವುದು ಒಂದೋ ಅಪರಾಧ, ಇಲ್ಲವೇ ಹುಚ್ಚು ಎಂದು ಸಮಾಜ ನಂಬಿದ್ದ ಕಾಲದಲ್ಲಿ ಈ ಎರಡು ಕಟ್ಟಡಗಳು ಒಂದೇ ಬಡಾವಣೆಯಲ್ಲಿದ್ದವು. ‘ಇವನನ್ನು ಯೆರವಡಾಕ್ಕೆ ಕಳಿಸಿ’ ಎಂದರೆ ತಲೆ ಕೆಟ್ಟಿದೆ ಎಂದೇ ಮರಾಠಿ ಮಾತಿನಲ್ಲಿ ಅರ್ಥ. ರಂಗದ ಮೇಲೆ ಸೀರೆಯುಟ್ಟ ಗಂಡಸಿಗೆ ಚಪ್ಪಾಳೆ ತಟ್ಟಿದ ಊರು, ರಂಗದಿಂದ ಇಳಿದ ಮೇಲೂ ಸೀರೆ ಬೇಕೆನಿಸಿದವರಿಗೆ ಇಟ್ಟುಕೊಂಡಿದ್ದ ಮಾತು ಅದು.

ರಂಗದ ಮೇಲಿನ ಸ್ತ್ರೀಪಾತ್ರ ಪರಂಪರೆಯ ಶಿಖರ ಬಾಲಗಂಧರ್ವ. 1888ರಲ್ಲಿ ಹುಟ್ಟಿದ ನಾರಾಯಣ ಶ್ರೀಪಾದ ರಾಜಹಂಸರು 1905ರಲ್ಲಿ ಕಿರ್ಲೋಸ್ಕರ್ ಮಂಡಳಿ ಸೇರಿದರು, 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟುವಲ್ಲಿ ಮುಂದಾದರು. ಅವರು ಸೀರೆ ಉಡುವ ಬಗೆ, ಹೂ ಮುಡಿಯುವ ಬಗೆ, ಒಡವೆಗಳ ಆಯ್ಕೆ ಎಲ್ಲವನ್ನೂ ಮಹಾರಾಷ್ಟ್ರದ ಹೆಣ್ಣುಮಕ್ಕಳು ಅನುಕರಿಸಿದರು. ಹೆಣ್ತನ ಎಂದರೆ ಹೀಗಿರಬೇಕು ಎಂಬ ಮಾದರಿಯನ್ನು ಗಂಡಸೊಬ್ಬ ರಂಗದ ಮೇಲಿಂದ ಮನೆಮನೆಗೆ ಮುಟ್ಟಿಸಿದ್ದು ಸಾಮಾನ್ಯ ಸಂಗತಿಯಲ್ಲ. 1930ರ ದಶಕದ ಕೊನೆಯಲ್ಲಿ ಅವರ ಕಂಪನಿಗೆ ಬಿಜಾಪುರ ಸೀಮೆಯ ಬೀಳಗಿಯಿಂದ ಬಂದ ಗೋಹರಬಾಯಿ ಕರ್ನಾಟಕಿ ಸೇರಿದರು. ಸಿನಿಮಾ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸಹೋದರಿ ಇವರು. ಬಾಲಗಂಧರ್ವರ ಹಾಡಿನ ಶೈಲಿಯನ್ನು ಕಲಿತು ಮೈಗೂಡಿಸಿಕೊಂಡಿದ್ದ ಗೋಹರ್ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡರು. ಜೀವಮಾನವಿಡೀ ನಾಯಕಿಯಾಗಿ ಮೆರೆದ ಬಾಲಗಂಧರ್ವರು ಅವರ ಎದುರು ಗಂಡುಪಾತ್ರದಲ್ಲಿ ನಿಲ್ಲುವ ಸಂದರ್ಭ ಬಂತು. 1951ರಲ್ಲಿ ಇಬ್ಬರೂ ಮದುವೆಯಾದರು. ಗಂಡಸು ಕಟ್ಟಿದ ಹೆಣ್ತನವನ್ನು ಹೆಣ್ಣೊಬ್ಬಳು ಕಲಿತು ಅದನ್ನು ಅವನೆದುರೇ ಆಡುವ ಈ ಸಂಸಾರವನ್ನು ಆಗಿನ ಊರು ಧರ್ಮ, ಜಾತಿ, ಹಣಕಾಸುಗಳ ಕಣ್ಣಿನಿಂದಷ್ಟೇ ನೋಡಿತು. ಅದರೊಳಗಿನ ಲಿಂಗದ ಪ್ರಶ್ನೆಯನ್ನು ನಾಟಕವಾಗಿ ಕಂಡವರು ಮುಂದಿನ ಪೀಳಿಗೆಯವರು.

ಹಾಸ್ಯದ ಕವಲು ಬೇರೆಯೇ ದಾರಿ ಹಿಡಿದಿತ್ತು. ಮಹಾರಾಷ್ಟ್ರದ ಜಾನಪದ ಆಟವಾದ ತಮಾಶಾದ ಗವಳಣ ಭಾಗದಲ್ಲಿ ಗೋಪಿಯರ ಜೊತೆ ಬರುವ ‘ಮಾವಶಿ’, ಅಂದರೆ ಚಿಕ್ಕಮ್ಮ, ಸೀರೆಯುಟ್ಟ ಗಂಡಸೇ. ಇಲ್ಲಿ ಗಂಡಸುತನವನ್ನು ಮರೆಸುವ ಪ್ರಯತ್ನವಿಲ್ಲ, ಅದು ಕಾಣುವುದರಲ್ಲೇ ನಗೆ. 1892ರಲ್ಲಿ ಬ್ರ್ಯಾಂಡನ್ ಥಾಮಸ್ ಬರೆದ ‘ಚಾರ್ಲೀಸ್ ಆಂಟ್’ ಎಂಬ ಇಂಗ್ಲಿಷ್ ಪ್ರಹಸನವನ್ನು ಸಾಸವಡದ ಆಚಾರ್ಯ ಅತ್ರೆ ‘ಮೋರೂಚಿ ಮಾವಶಿ’ಯಾಗಿಸಿದಾಗ ಅದು ಮರಾಠಿ ಮಣ್ಣಿನದೇ ಎನ್ನಿಸಿದ್ದಕ್ಕೆ ಈ ಹಳೆಯ ಮಾವಶಿಯೂ ಕಾರಣವಿರಬೇಕು. ನಟ ವಿಜಯ ಚವ್ಹಾಣ್ ಆ ಪಾತ್ರದಿಂದಲೇ ಮನೆಮಾತಾದರು. ಇಂಥ ಪ್ರಹಸನಗಳಲ್ಲಿ ಕೊನೆಗೆ ವೇಷ ಕಳಚುತ್ತದೆ, ಜೋಡಿಗಳು ಸರಿಹೊಂದುತ್ತವೆ, ಯಾರ ಮನಸ್ಸೂ ಬದಲಾಗಿರುವುದಿಲ್ಲ. ತಮಾಶಾದ ‘ನಾಚ್ಯಾ’ನ ಪಾಡು ಇಷ್ಟು ಸಲೀಸಾಗಿರಲಿಲ್ಲ. ಕರ್ನಾಟಕದ ಗಡಿಗೆ ತಾಗಿದ ಕಾಗಲ್‌ನ ಆನಂದ ಯಾದವ್ ತಮ್ಮ ‘ನಟರಂಗ’ ಕಾದಂಬರಿಯಲ್ಲಿ ಹೆಣ್ಣಿನಂತೆ ಕುಣಿಯುವ ಪೈಲ್ವಾನನ ನೋವನ್ನು ಬರೆದರು. 2010ರಲ್ಲಿ ಬಂದ ಅದರ ಸಿನಿಮಾದಲ್ಲಿ ಆ ಪಾತ್ರ ಮಾಡಿದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ.

ಈ ಎರಡೂ ಕವಲುಗಳು, ಬಾಲಗಂಧರ್ವರ ಸೊಬಗು ಮತ್ತು ಮಾವಶಿಯ ನಗೆ, ಒಂದಾದದ್ದು 1979ರಲ್ಲಿ. ಸತೀಶ್ ಆಳೇಕರ್ ಬರೆದು ನಿರ್ದೇಶಿಸಿದ ‘ಬೇಗಮ್ ಬರ್ವೆ’ಯನ್ನು ಪುಣೆಯ ಥಿಯೇಟರ್ ಅಕಾಡೆಮಿ ಆಡಿತು. ‘ಘಾಶೀರಾಮ್ ಕೋತ್ವಾಲ್’ ನಾಟಕದ ಸುತ್ತಲಿನ ಜಗಳದಿಂದ ಹೊರಬಂದವರು 1973ರಲ್ಲಿ ಕಟ್ಟಿದ ತಂಡ ಅದು. ಬರ್ವೆ ಸಂಗೀತ ನಾಟಕದ ಕಂಪನಿಯಲ್ಲಿ ಸಣ್ಣಪುಟ್ಟ ಸ್ತ್ರೀಪಾತ್ರಗಳನ್ನು ಮಾಡಿಕೊಂಡಿದ್ದ ಜೀವ. ದೊಡ್ಡ ಪಾತ್ರ ಎಂದೂ ಸಿಗಲಿಲ್ಲ. ಕಂಪನಿ ಮುಳುಗಿದೆ, ಈಗ ಶಾಮರಾವ್ ಎಂಬ ಒರಟನ ಕೈಕೆಳಗೆ ಊದುಬತ್ತಿ ಮಾರುವುದು ಕೆಲಸ. ಊದುಬತ್ತಿ ಕೊಳ್ಳುವವರಲ್ಲಿ ಜಾವಡೇಕರ್, ಬಾವಡೇಕರ್ ಎಂಬ ಇಬ್ಬರು ಗುಮಾಸ್ತರು, ಮದುವೆಯಾಗದವರು. ಜಾವಡೇಕರನ ಮನಸ್ಸಿನಲ್ಲಿ ಕಚೇರಿಯ ನಲವಡೆಬಾಯಿ ಇದ್ದಾಳೆ. ಬರ್ವೆಯ ಕನಸೂ ಗುಮಾಸ್ತನ ಕನಸೂ ಒಂದರೊಳಗೊಂದು ಬೆರೆತು, ಬರ್ವೆಯೇ ನಲವಡೆಬಾಯಿಯಾಗಿ ಜಾವಡೇಕರನ ಹೆಂಡತಿಯಾಗುತ್ತಾಳೆ, ಬಸುರಿಯೂ ಆಗುತ್ತಾಳೆ. ಆಮೇಲೆ ಶಾಮರಾವ್ ಬಂದು ಆ ಕನಸನ್ನು ಹರಿದು ಹಾಕುತ್ತಾನೆ.

ನಾಟಕದ ಬಹುಪಾಲು ನಗು ತರಿಸುವಂಥದೇ. ಗುಮಾಸ್ತರ ಹೆಸರುಗಳ ಪ್ರಾಸ, ಕಚೇರಿಯ ಸಣ್ಣ ಚಿಂತೆಗಳು, ಎಲ್ಲೆಂದರಲ್ಲಿ ನುಗ್ಗುವ ಹಳೆಯ ನಾಟ್ಯಗೀತೆಗಳು. ಆದರೆ ಮೊದಲ ಬಾರಿಗೆ ಇಲ್ಲಿ ವೇಷ ಕಳಚುವ ಕ್ಷಣ ನಗೆಯ ಕ್ಷಣವಾಗಲಿಲ್ಲ, ಹಿಂಸೆಯ ಕ್ಷಣವಾಯಿತು. ಬರ್ವೆಗೆ ಹೆಣ್ಣಾಗಿರುವುದು ಅಭಿನಯವೋ ಸ್ವಭಾವವೋ ಎಂಬುದನ್ನು ಆಳೇಕರ್ ತೀರ್ಮಾನಿಸುವುದಿಲ್ಲ. ಜಾವಡೇಕರ್ ಪ್ರೀತಿಸುತ್ತಿರುವುದು ಹೆಣ್ಣನ್ನೋ ಗಂಡನ್ನೋ ಎಂಬುದನ್ನೂ ಹೇಳುವುದಿಲ್ಲ. ಆ ಸಂಸಾರ ನಡೆಯುವಷ್ಟು ಹೊತ್ತು ಅದರಲ್ಲಿ ನಿಜವಾದ ಅಕ್ಕರೆ ಇರುತ್ತದೆ. ಮೊದಲ ಪ್ರಯೋಗಗಳಲ್ಲಿ ಬರ್ವೆಯಾಗಿದ್ದ ಚಂದ್ರಕಾಂತ ಕಾಳೆ ಸ್ವತಃ ಒಳ್ಳೆಯ ಹಾಡುಗಾರ. ಆ ಹಾಡು ಬಾಲಗಂಧರ್ವರ ಕಾಲದ ಪ್ರೇಕ್ಷಕರನ್ನು ನೇರ ಅವರ ನೆನಪಿನೊಳಕ್ಕೆ ಎಳೆದೊಯ್ಯುತ್ತದೆ, ಮತ್ತೆ ಆ ನೆನಪನ್ನೇ ಪ್ರಶ್ನಿಸುತ್ತದೆ. ಭಾರತೀಯ ರಂಗಭೂಮಿಯಲ್ಲಿ ಈ ವಸ್ತುವಿನ ಮೇಲೆ ಇದಕ್ಕಿಂತ ಸೂಕ್ಷ್ಮವಾದ ಹಾಸ್ಯ ಬಂದಿಲ್ಲ ಎಂದರೆ ಹೆಚ್ಚಾಗದು.

ಎರಡು ವರ್ಷದ ನಂತರ, 1981ರಲ್ಲಿ, ವಿಜಯ ತೆಂಡೂಲ್ಕರರ ‘ಮಿತ್ರಾಚಿ ಗೋಷ್ಟ’ ಬಂತು. ಪುಣೆಯವರೇ ಆದ ರೋಹಿಣಿ ಹಟ್ಟಂಗಡಿ ಹೆಣ್ಣನ್ನು ಪ್ರೀತಿಸುವ ಮಿತ್ರಾಳ ಪಾತ್ರ ಮಾಡಿದರು. ಆ ನಾಟಕ ಹಾಸ್ಯವಲ್ಲ, ಅದರ ಕೊನೆ ಸಾವು. ಫ್ರಾನ್ಸ್‌ನಲ್ಲಿ ಜಾಂ ಪ್ವಾರೆ 1973ರಲ್ಲೇ ‘ಲಾ ಕಾಜ್ ಓ ಫೋಲ್’ ಪ್ರಹಸನದಲ್ಲಿ ಇಬ್ಬರು ಗಂಡಸರ ಹಳೆಯ ಸಂಸಾರವನ್ನು ನಗುನಗುತ್ತ ತೋರಿಸಿದ್ದ. ಭಾರತದಲ್ಲಿ ನಗುವ ಸಂಸಾರ ಕಾಣಲು ಇನ್ನೂ ಕಾಯಬೇಕಿತ್ತು.

ಅದು ಕಂಡದ್ದು ಬೆಂಗಳೂರಿನಲ್ಲಿ. 1984ರಲ್ಲಿ ‘ಪ್ಲೇಪೆನ್’ ತಂಡ ಕಟ್ಟಿದ ಮಹೇಶ್ ದತ್ತಾನಿ ಇಂಗ್ಲಿಷಿನಲ್ಲಿ ಬರೆದರೂ ಅವರ ಪಾತ್ರಗಳ ಮನೆಗಳು ಇಲ್ಲಿಯವು. 1989ರಲ್ಲಿ ಚೌಡಯ್ಯ ಸ್ಮಾರಕ ಭವನದಲ್ಲಿ ಮೊದಲು ಆಡಿದ ‘ಡಾನ್ಸ್ ಲೈಕ್ ಎ ಮ್ಯಾನ್’ ನಾಟಕದಲ್ಲಿ, ಮಗ ಭರತನಾಟ್ಯ ಕಲಿತು ಉದ್ದ ಕೂದಲು ಬಿಟ್ಟರೆ ಗಂಡಸಾಗಿ ಉಳಿಯುತ್ತಾನೆಯೇ ಎಂದು ತಂದೆ ಚಿಂತಿಸುತ್ತಾನೆ. 1997ರಲ್ಲಿ ಬಿಬಿಸಿ ರೇಡಿಯೊಗಾಗಿ ಬರೆದ ‘ಡು ದ ನೀಡ್‌ಫುಲ್’ ಈ ವಸ್ತುವಿನ ನೇರ ಹಾಸ್ಯ. ಮುಂಬಯಿಯ ಪಟೇಲರು ಬೆಂಗಳೂರಿನ ಗೌಡರ ಮನೆಗೆ ಹೆಣ್ಣು ನೋಡಲು ಬರುತ್ತಾರೆ. ವರ ಅಲ್ಪೇಶ್ ಸಲಿಂಗಿ. ವಧು ಲತಾ ಗೌಡಳ ಮನಸ್ಸು ಬೇರೊಬ್ಬನ ಮೇಲಿದೆ. ಹಿರಿಯರು ಊಟ, ಭಾಷೆ, ಜಾತಿಗಳ ಲೆಕ್ಕದಲ್ಲಿ ಮುಳುಗಿರುವಾಗ ಇಬ್ಬರೂ ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯುವ ಒಪ್ಪಂದಕ್ಕೆ ಬಂದು ಮದುವೆಗೆ ತಲೆಯಾಡಿಸುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಕನ್ನಡ ಹಾಸ್ಯನಾಟಕಗಳಿಗೆ ಹೊಸದಲ್ಲ, ಅದರ ನಡುವೆ ಇಂಥ ಸ್ನೇಹ ಅರಳುವುದು ಹೊಸದು. ಮರುವರ್ಷ ಮುಂಬಯಿಯಲ್ಲಿ ರಂಗಕ್ಕೆ ಬಂದ ‘ಆನ್ ಎ ಮಗ್ಗಿ ನೈಟ್ ಇನ್ ಮುಂಬೈ’ಯಲ್ಲಿ ಸಲಿಂಗಿ ಗೆಳೆಯರೇ ಕಥೆಯ ನಡುವೆ ಇದ್ದಾರೆ, ಅವರ ಚುರುಕು ಮಾತುಗಳ ಹಿಂದೆ ಭಯವೂ ಇದೆ.

ಹೊಸ ಶತಮಾನದಲ್ಲಿ ಕಥೆ ಹೇಳುವವರೇ ಬದಲಾದರು. 2002ರಲ್ಲಿ ಪುಣೆಯಲ್ಲಿ ಸಮಪಥಿಕ ಟ್ರಸ್ಟ್ ಆರಂಭಿಸಿದ ಬಿಂದುಮಾಧವ ಖಿರೆ ಮರಾಠಿಯಲ್ಲಿ ಸಲಿಂಗಿಗಳ ಬದುಕಿನ ಬಗ್ಗೆ ನಾಟಕವನ್ನೂ ಬರೆದರು. 2011ರಲ್ಲಿ ನಗರದ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಕರ್ನಾಟಕದಲ್ಲಿ ಲಿಂಗಾಂತರಿ ಲೇಖಕಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಯಿತು. ಅದನ್ನು ಹೆಗ್ಗೋಡಿನ ಜನಮನದಾಟ ತಂಡ ನಾಟಕವಾಗಿ ಊರೂರಿಗೆ ಒಯ್ದಿತು. ಯಲ್ಲಮ್ಮನ ಆಟ, ಜೋಗತಿ ಕುಣಿತಗಳಲ್ಲಿ ಪಳಗಿದ ಲಿಂಗಾಂತರಿ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಸೆರಗು ಹಿಡಿದು ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದರು. ನಿವಾಳಿಸಿದ ಆ ಸೆರಗಿನ ದೃಶ್ಯ ದೇಶವಿಡೀ ಹರಡಿತು.

ಇಂಥ ಸಂಬಂಧದ ಒಳಗಿನ ಹಾಸ್ಯ ಮಾತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇನ್ನೂ ವಿರಳ. ಭಾಷೆಯ ಸ್ವಭಾವವೂ ಇಲ್ಲಿ ಗಮನಿಸಬೇಕಾದದ್ದು. ಮರಾಠಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲು ಗಂಡಸು ‘ಮೀ ಜಾತೋ’ ಎನ್ನಬೇಕು, ಹೆಂಗಸು ‘ಮೀ ಜಾತೇ’ ಎನ್ನಬೇಕು. ಬಾಯಿ ತೆರೆದೊಡನೆ ಲಿಂಗ ಹೊರಬೀಳುತ್ತದೆ. ಬರ್ವೆಯಂಥ ಪಾತ್ರಕ್ಕೆ ಇಂಥ ಪ್ರತಿ ವಾಕ್ಯವೂ ಒಂದು ಆಯ್ಕೆ. ಕನ್ನಡದ ‘ನಾನು’, ‘ನೀನು’ಗಳಿಗೆ ಆ ಹಂಗಿಲ್ಲ. ಉದಾಹರಣೆಗೆ, ಲಂಡನ್ನಿನಲ್ಲಿ 2015ರಲ್ಲಿ ಬಂದ, 2017ರಲ್ಲಿ ಒಲಿವಿಯರ್ ಪ್ರಶಸ್ತಿ ಪಡೆದ ಜಾನ್ ಬ್ರಿಟನ್‌ನ ‘ರಾಟರ್‌ಡ್ಯಾಮ್’ ಹಾಸ್ಯನಾಟಕದಲ್ಲಿ, ತಾನು ಹೆಣ್ಣನ್ನು ಪ್ರೀತಿಸುವವಳೆಂದು ಅಪ್ಪ-ಅಮ್ಮನಿಗೆ ಬರೆಯಲು ಆಲಿಸ್ ಕೊನೆಗೂ ಧೈರ್ಯ ಮಾಡುವ ಹೊತ್ತಿಗೆ, ಅವಳ ಸಂಗಾತಿ ತಾನು ಗಂಡೆಂದೂ ಇನ್ನು ಏಡ್ರಿಯನ್ ಆಗಿ ಬದುಕುವುದಾಗಿಯೂ ಹೇಳುತ್ತಾನೆ. ಆ ನಾಟಕ ಕನ್ನಡಕ್ಕೆ ಬಂದರೆ ಇಬ್ಬರೇ ಇರುವ ದೃಶ್ಯಗಳು ‘ನಾನು–ನೀನು’ಗಳಲ್ಲೇ ಸಾಗಬಲ್ಲವು. ಮೂರನೆಯವರ ಮುಂದೆ ಸಂಗಾತಿಯ ಸುದ್ದಿ ಎತ್ತಬೇಕಾದಾಗ ಆಲಿಸ್ ‘ಅವಳು’ ಎಂದು ಶುರುಮಾಡಿ, ತಡೆದು, ‘ಅವನು’ ಎನ್ನಬೇಕು, ಇಲ್ಲವೇ ಇಬ್ಬರಿಗೂ ಸಲ್ಲುವ ‘ಅವರು’ ಎಂಬ ಮಾತಿಗೆ ಹೊರಳಬೇಕು.