ಸುಧಾರಣೆಯಿಂದ ಅಂತರ್ಯುದ್ಧಕ್ಕೆ: ಬಶರ್ ಅಲ್-ಅಸ್ಸಾದ್ ಆಳ್ವಿಕೆಯ ಮೊದಲ ದಶಕ

2011ರ ಮಾರ್ಚ್‌ನಲ್ಲಿ ಸಿರಿಯಾದ ದಕ್ಷಿಣ ಗಡಿಯ ದರಾ ಪಟ್ಟಣದಲ್ಲಿ ಆರಂಭವಾದ ಪ್ರತಿಭಟನೆಯು ಒಂದೂವರೆ ವರ್ಷ ತುಂಬುವ ಮುನ್ನವೇ ಅಂತರ್ಯುದ್ಧವಾಗಿ ಪರಿಣಮಿಸಿತು. ಇದರ ಕಾರಣಗಳನ್ನು ಅರಸುವ ಬರಹಗಳು ಬಹುಮಟ್ಟಿಗೆ ಪಂಥೀಯ ವೈಷಮ್ಯ, ಬರಗಾಲ ಹಾಗೂ ಹೊರದೇಶಗಳ ಹಸ್ತಕ್ಷೇಪವನ್ನು ಮುಂದಿಡುತ್ತವೆ. ಯುದ್ಧದ ಸ್ವರೂಪವನ್ನೂ ಅದು ದೀರ್ಘಕಾಲ ಮುಂದುವರಿದುದನ್ನೂ ಅರಿಯಲು ಈ ಮೂರೂ ಅಂಶಗಳು ನೆರವಾಗುತ್ತವೆಯಾದರೂ, ನಾಲ್ಕು ದಶಕ ಭದ್ರವಾಗಿ ನಿಂತಿದ್ದ ಆಡಳಿತವೊಂದು ಒಂದು ಪಟ್ಟಣದ ಅಹವಾಲನ್ನು ಬಗೆಹರಿಸಲಾರದೆ ಹೋದದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದರ ಉತ್ತರವನ್ನು 2000ದಿಂದ 2010ರವರೆಗಿನ ಸುಧಾರಣೆಗಳಲ್ಲಿ ಹುಡುಕಬೇಕೆಂಬುದು ಪ್ರಸ್ತುತ ಲೇಖನದ ವಾದ. ಪ್ರಭುತ್ವವನ್ನೂ ಗ್ರಾಮೀಣ ಜನರನ್ನೂ ಬೆಸೆದಿದ್ದ ಆರ್ಥಿಕ ಕೊಂಡಿಗಳನ್ನು ಆ ಸುಧಾರಣೆಗಳು ಕಳಚಿದವು. ಅವುಗಳ ಜಾಗದಲ್ಲಿ ರಾಜಕೀಯ ಸಂಸ್ಥೆಗಳು ಬೆಳೆಯಲು ಆಡಳಿತ ಬಿಡಲಿಲ್ಲ. ಹೀಗಾಗಿ ಜನರಿಗೆ ನಿತ್ಯ ಎದುರಾಗುವ ಪ್ರಭುತ್ವವೆಂದರೆ ಗುಪ್ತಚರ ಪೊಲೀಸರೇ ಎಂಬ ಸ್ಥಿತಿ ಒದಗಿತು.

ಹಫೀಜ್ ಬಿಟ್ಟುಹೋದ ವ್ಯವಸ್ಥೆ

1970ರ ನವೆಂಬರ್‌ನಲ್ಲಿ ಅಧಿಕಾರ ಹಿಡಿದ ಹಫೀಜ್ ಅಲ್-ಅಸ್ಸಾದ್ ಕಟ್ಟಿದ ಆಡಳಿತ ಎರಡು ಆಧಾರಗಳ ಮೇಲೆ ನಿಂತಿತ್ತು. ಮೊದಲನೆಯದು ದಮನ: 1963ರ ಮಾರ್ಚ್ 8ರಿಂದ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿ, ಬಾತ್ ಪಕ್ಷವನ್ನು ಪ್ರಭುತ್ವ ಹಾಗೂ ಸಮಾಜದ ನಾಯಕನೆಂದು ಸಾರಿದ 1973ರ ಸಂವಿಧಾನದ 8ನೇ ವಿಧಿ, ಮುಖಾಬರಾತ್ ಎಂದು ಕರೆಯಲಾಗುವ ಹಲವು ಗುಪ್ತಚರ ವಿಭಾಗಗಳು ಇದರ ಅಂಗಗಳಾಗಿದ್ದವು. 1982ರಲ್ಲಿ ಹಮಾ ನಗರದಲ್ಲಿ ಮುಸ್ಲಿಂ ಬ್ರದರ್‌ಹುಡ್‌ನ ಬಂಡಾಯವನ್ನು ಅಡಗಿಸುವಾಗ ಸೇನೆ ಸಾವಿರಾರು ಜನರನ್ನು ಕೊಂದಿತು. ಎರಡನೆಯದು ಹಂಚಿಕೆ: ಗೋಧಿ ಮತ್ತು ಹತ್ತಿಯನ್ನು ನಿಗದಿತ ಬೆಲೆಗೆ ಸರ್ಕಾರವೇ ಕೊಳ್ಳುವುದು, ಕಡಿಮೆ ದರದ ಡೀಸೆಲ್, ರೈತ ಸಂಘದ ಮೂಲಕ ಸಿಗುವ ಸವಲತ್ತು ಮತ್ತು ಸರ್ಕಾರಿ ನೌಕರಿ. ರಾಜಕೀಯ ಹಕ್ಕುಗಳನ್ನು ಕಳೆದುಕೊಂಡ ಹಳ್ಳಿಗರಿಗೆ ಪ್ರತಿಯಾಗಿ ಜೀವನೋಪಾಯದ ಭದ್ರತೆ ದೊರೆಯಿತು. ಪಕ್ಷದ ಕಾರ್ಯಕರ್ತ, ರೈತ ಸಂಘದ ಪದಾಧಿಕಾರಿ ಹಾಗೂ ಊರಿನ ಹಿರಿಯರು ಈ ವಿನಿಮಯದ ಮಧ್ಯವರ್ತಿಗಳಾಗಿದ್ದು, ಕೆಳಗಿನ ದೂರನ್ನು ಮೇಲಕ್ಕೆ ಮುಟ್ಟಿಸುವ ದಾರಿಯೂ ಅವರೇ ಆಗಿದ್ದರು.

ಡಮಾಸ್ಕಸ್ ವಸಂತ

2000ದ ಜೂನ್ 10ರಂದು ಹಫೀಜ್ ನಿಧನರಾದ ದಿನವೇ, ಅಧ್ಯಕ್ಷ ಪದವಿಯ ಕನಿಷ್ಠ ವಯಸ್ಸನ್ನು ಸಂಸತ್ತು 40ರಿಂದ 34ಕ್ಕೆ ಇಳಿಸಿತು. ಅದು ಅವರ ಮಗ ಬಶರ್ ಅವರ ಅಂದಿನ ವಯಸ್ಸು. ಲಂಡನ್‌ನಲ್ಲಿ ನೇತ್ರವೈದ್ಯಕೀಯ ತರಬೇತಿ ಪಡೆಯುತ್ತಿದ್ದ ಬಶರ್, 1994ರಲ್ಲಿ ಅಣ್ಣ ಬಾಸಿಲ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಉತ್ತರಾಧಿಕಾರಿಯಾಗಿ ಸಿದ್ಧಗೊಂಡವರು. ಅವರು ಅಧಿಕಾರ ವಹಿಸಿಕೊಂಡಾಗ ಆಡಿದ ಆಧುನೀಕರಣದ ಮಾತುಗಳನ್ನು ನಂಬಿ, ಆ ಸೆಪ್ಟೆಂಬರ್‌ನಲ್ಲಿ 99 ಬುದ್ಧಿಜೀವಿಗಳು ತುರ್ತು ಪರಿಸ್ಥಿತಿಯ ರದ್ದತಿ ಮತ್ತು ರಾಜಕೀಯ ಕೈದಿಗಳ ಬಿಡುಗಡೆಯನ್ನು ಕೋರುವ ಹೇಳಿಕೆಗೆ ಸಹಿ ಹಾಕಿದರು. ಮನೆಗಳ ಪಡಸಾಲೆಗಳಲ್ಲಿ ಚರ್ಚಾಕೂಟಗಳು ಆರಂಭವಾದವು. ಮೆಝ್ಝೆ ಸೆರೆಮನೆಯನ್ನು ಮುಚ್ಚಲಾಯಿತು. ವ್ಯಂಗ್ಯಚಿತ್ರಕಾರ ಅಲಿ ಫರ್ಜಾತ್ ಅವರ ‘ಅಲ್-ದೊಮರಿ’ ಪತ್ರಿಕೆ ಹೊರಬಂತು. ಡಮಾಸ್ಕಸ್ ವಸಂತವೆಂದು ಹೆಸರಾದ ಈ ಅವಧಿ 2001ರ ಸೆಪ್ಟೆಂಬರ್ ಹೊತ್ತಿಗೆ ಮುಗಿಯಿತು. ಸಂಸದ ರಿಯಾದ್ ಸೈಫ್, ಅರ್ಥಶಾಸ್ತ್ರಜ್ಞ ಆರಿಫ್ ದಲೀಲಾ ಮೊದಲಾದವರು ಸೆರೆಮನೆ ಸೇರಿದರು. ಇವರಾರೂ ಆಯುಧ ಹಿಡಿದವರಲ್ಲ. ಕಾನೂನಿನೊಳಗೆ ಸುಧಾರಣೆ ಬಯಸಿದವರು. ಆಡಳಿತದೊಡನೆ ಮಾತುಕತೆ ನಡೆಸಬಲ್ಲ ವಿರೋಧ ಪಕ್ಷವೊಂದು ರೂಪುಗೊಳ್ಳಬಹುದಾಗಿದ್ದ ಸಂದರ್ಭ ಹೀಗೆ ಕೈತಪ್ಪಿತು.

ಮಾರುಕಟ್ಟೆಯ ಹಾದಿ

ರಾಜಕೀಯದ ಬಾಗಿಲು ಮುಚ್ಚಿದ ಆಡಳಿತ ಆರ್ಥಿಕತೆಯ ಬಾಗಿಲನ್ನು ತೆರೆಯಿತು. 2004ರಲ್ಲಿ ಖಾಸಗಿ ಬ್ಯಾಂಕುಗಳು ಕಾರ್ಯಾರಂಭ ಮಾಡಿದವು. 2005ರ ಜೂನ್‌ನಲ್ಲಿ ಬಾತ್ ಪಕ್ಷದ ಮಹಾಧಿವೇಶನ, ಮಾರುಕಟ್ಟೆಯ ಸ್ಪರ್ಧೆಯೊಂದಿಗೆ ಬಡವರ ರಕ್ಷಣೆಯನ್ನೂ ಭರವಸೆಯಾಗಿ ನೀಡುವ ‘ಸಾಮಾಜಿಕ ಮಾರುಕಟ್ಟೆ ಅರ್ಥವ್ಯವಸ್ಥೆ’ಯನ್ನು ಅಂಗೀಕರಿಸಿತು; ಉಪಪ್ರಧಾನಿ ಅಬ್ದುಲ್ಲಾ ದರ್ದಾರಿ ಇದರ ಮುಖ್ಯ ಶಿಲ್ಪಿಯಾದರು. 2009ರಲ್ಲಿ ಡಮಾಸ್ಕಸ್‌ನಲ್ಲಿ ಷೇರುಪೇಟೆಯೂ ತೆರೆಯಿತು. ಅರಬ್ ಸರ್ವಾಧಿಕಾರಗಳು ಅಧಿಕಾರವನ್ನು ಬಿಟ್ಟುಕೊಡದೆ ಅದರ ಸಲಕರಣೆಗಳನ್ನು ಮಾತ್ರ ಹೊಸದಾಗಿಸಿಕೊಳ್ಳುವ ಈ ಬಗೆಯನ್ನು ರಾಜಕೀಯಶಾಸ್ತ್ರಜ್ಞ ಸ್ಟೀವನ್ ಹೈಡೆಮನ್ 2007ರಲ್ಲಿ ಸರ್ವಾಧಿಕಾರದ ನವೀಕರಣವೆಂದು ವಿಶ್ಲೇಷಿಸಿದರು.

ಲಾಭ ಯಾರ ಪಾಲಾಯಿತೆಂಬುದು ಸ್ಪಷ್ಟವಾಗಿತ್ತು. ಮೊಬೈಲ್ ಸೇವೆಯ ಸಿರಿಯಾಟೆಲ್ ಕಂಪನಿ ಅಧ್ಯಕ್ಷರ ಸೋದರಮಾವನ ಮಗ ರಾಮಿ ಮಖ್ಲೂಫ್ ಅವರ ಹಿಡಿತದಲ್ಲಿತ್ತು. ಆ ಪರವಾನಗಿಯನ್ನು ಸಂಸತ್ತಿನಲ್ಲಿ ಪ್ರಶ್ನಿಸಿದವರು ಬಂಧನಕ್ಕೊಳಗಾದ ರಿಯಾದ್ ಸೈಫ್. ಇತ್ತ ಈಶಾನ್ಯದಲ್ಲಿ ಸರ್ಕಾರಿ ಕೃಷಿಕ್ಷೇತ್ರಗಳನ್ನು ವಿಸರ್ಜಿಸಲಾಯಿತು. 2004ರ 56ನೇ ಕಾನೂನು ಗೇಣಿ ಒಪ್ಪಂದಗಳನ್ನು ಕೊನೆಗೊಳಿಸುವ ಅವಕಾಶವನ್ನು ಭೂಮಾಲೀಕರಿಗೆ ಕೊಟ್ಟಿತು. 2008ರ ಮೇ ತಿಂಗಳಲ್ಲಿ ಲೀಟರ್ ಡೀಸೆಲ್‌ನ ಬೆಲೆ 7 ಪೌಂಡ್‌ನಿಂದ 25 ಪೌಂಡ್‌ಗೆ ಏರಿತು. ಅಂತರ್ಜಲವನ್ನು ಡೀಸೆಲ್ ಪಂಪಿನಿಂದ ಎತ್ತಿ ಬೆಳೆ ತೆಗೆಯುತ್ತಿದ್ದ ರೈತನಿಗೆ ಈ ಏರಿಕೆ ತಡೆಯಲಾರದ ಹೊರೆಯಾಯಿತು.

2006ರಿಂದ ಆರಂಭವಾದ ಬರವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಹಸಕಾ, ರಕ್ಕಾ, ದೇರ್ ಎಝ್ಝೋರ್ ಪ್ರಾಂತಗಳಲ್ಲಿ 13 ಲಕ್ಷ ಜನರು ಬರಕ್ಕೆ ತುತ್ತಾದರೆಂದೂ ಅವರಲ್ಲಿ 8 ಲಕ್ಷ ಜನರ ಸ್ಥಿತಿ ತೀವ್ರವಾಗಿತ್ತೆಂದೂ ವಿಶ್ವಸಂಸ್ಥೆ ಅಂದಾಜಿಸಿತು. ಹವಾಮಾನ ಬದಲಾವಣೆಯೇ ಯುದ್ಧವನ್ನು ಹುಟ್ಟಿಸಿತೆಂಬ ವಾದ 2015ರ ನಂತರ ಜನಪ್ರಿಯವಾದರೂ, ಬರದಿಂದಾದ ವಲಸೆಯ ಪ್ರಮಾಣವನ್ನು ಅದು ಹಿಗ್ಗಿಸಿದೆಯೆಂದು ಜಾನ್ ಸೆಲ್ಬಿ ಮತ್ತು ಸಹಲೇಖಕರು 2017ರಲ್ಲಿ ಆಕ್ಷೇಪಿಸಿದರು. ಆಕ್ಷೇಪ ತೂಕದ್ದು. ಬಂಡಾಯ ಮೊದಲು ಎದ್ದದ್ದು ಬರಪೀಡಿತ ಈಶಾನ್ಯದಲ್ಲಿ ಅಲ್ಲ, ದಕ್ಷಿಣದ ಹೌರಾನ್ ಬಯಲಿನ ದರಾದಲ್ಲಿ. ಉಪಾಧ್ಯಕ್ಷ ಫಾರೂಕ್ ಅಲ್-ಶರಾರಂತಹ ಮುಖಂಡರನ್ನು ಕೊಟ್ಟ ಆ ಪ್ರಾಂತ ಬಾತ್ ಪಕ್ಷದ ಹಳೆಯ ನೆಲೆ. ಆಡಳಿತದ ವಿರುದ್ಧ ಮೊದಲು ತಿರುಗಿದ್ದು ಅದನ್ನು ಹೊತ್ತು ನಿಲ್ಲಿಸಿದ್ದ ಗ್ರಾಮೀಣ ಸಮಾಜವೇ ಎಂಬುದು ಇಲ್ಲಿನ ಮುಖ್ಯ ಸಂಗತಿ.

ತಡವಾಗಿ ಬಂದ ಸುಧಾರಣೆ

ಗೋಡೆಗಳ ಮೇಲೆ ಆಡಳಿತ ವಿರೋಧಿ ಘೋಷಣೆ ಬರೆದ ದರಾದ ಹುಡುಗರನ್ನು ರಾಜಕೀಯ ಭದ್ರತಾ ವಿಭಾಗ ಬಂಧಿಸಿ ಹಿಂಸಿಸಿತು. ಅದರ ಸ್ಥಳೀಯ ಮುಖ್ಯಸ್ಥ ಆತಿಫ್ ನಜೀಬ್ ಅಧ್ಯಕ್ಷರ ಸಂಬಂಧಿ. ಮಕ್ಕಳ ಬಿಡುಗಡೆ ಕೋರಿದ ಊರಿನ ಹಿರಿಯರಿಗೆ ಸಿಕ್ಕಿದ್ದು ಅವಮಾನ, ಮಾರ್ಚ್ 18ರಂದು ಬೀದಿಗಿಳಿದವರಿಗೆ ಸಿಕ್ಕಿದ್ದು ಗುಂಡು. ಹಿಂದೆ ಇಂಥ ದೂರನ್ನು ಪಕ್ಷ, ಸಂಘ ಅಥವಾ ಹಿರಿಯರು ಸಂಧಾನದಿಂದ ತಣಿಸಬಹುದಾಗಿತ್ತು. ಆ ಮಧ್ಯವರ್ತಿಗಳ ಬಳಿ ಈಗ ಹಂಚಲು ಸವಲತ್ತೂ ಇರಲಿಲ್ಲ, ಭದ್ರತಾ ಅಧಿಕಾರಿಯನ್ನು ತಡೆಯುವ ಶಕ್ತಿಯೂ ಇರಲಿಲ್ಲ.

ದಶಕದ ಹಿಂದೆ ಕೇಳಿದ್ದೆಲ್ಲ ಈಗ ಒಂದೊಂದಾಗಿ ಬರತೊಡಗಿತು. ಏಪ್ರಿಲ್ 21ರಂದು ತುರ್ತು ಪರಿಸ್ಥಿತಿ ರದ್ದಾಯಿತು. ಮರುದಿನವೇ ದೇಶದಾದ್ಯಂತ ಪ್ರತಿಭಟನಕಾರರ ಮೇಲೆ ಗುಂಡು ಹಾರಿತು. 25ರಂದು ಟ್ಯಾಂಕುಗಳು ದರಾವನ್ನು ಪ್ರವೇಶಿಸಿದವು. ಸರ್ಕಾರಿ ಸೇನೆಯನ್ನು ತೊರೆದ ಸೈನಿಕರು ಜುಲೈನಲ್ಲಿ ಮುಕ್ತ ಸಿರಿಯಾ ಸೇನೆಯನ್ನು ಘೋಷಿಸಿದರು. 2012ರ ಫೆಬ್ರವರಿಯ ಹೊಸ ಸಂವಿಧಾನ 8ನೇ ವಿಧಿಯ ಏಕಪಕ್ಷ ನಾಯಕತ್ವವನ್ನು ಕೈಬಿಟ್ಟಾಗ ಹೋಮ್ಸ್ ನಗರ ಸೇನೆಯ ಫಿರಂಗಿ ದಾಳಿಗೆ ಸಿಲುಕಿತ್ತು. ಜುಲೈ ವೇಳೆಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಈ ಸಂಘರ್ಷವನ್ನು ಅಂತರ್ಯುದ್ಧವೆಂದು ಪರಿಗಣಿಸಿತು. ಕೊಲೆಯ ಜೊತೆಜೊತೆಗೆ ಬಂದ ರಿಯಾಯಿತಿಯನ್ನು ಜನ ನಂಬಲಿಲ್ಲ. ನಂಬಿಸಬಲ್ಲ ಮಧ್ಯಸ್ಥರನ್ನು ಆಡಳಿತವೇ ಸೆರೆಗೆ ಹಾಕಿತ್ತು.

ಉಪಸಂಹಾರ

2011ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ 3 ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತು. ಯುದ್ಧಪೂರ್ವ ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಮಂದಿ ಮನೆಮಾರು ತೊರೆದರು. 2024ರ ಡಿಸೆಂಬರ್ 8ರಂದು ಆಡಳಿತ ಕುಸಿದು ಬಶರ್ ರಷ್ಯಾಕ್ಕೆ ಪಲಾಯನ ಮಾಡಿದರು. ಸುಧಾರಣೆ ಅತಿಯಾಯಿತೆ ಅಥವಾ ಸಾಲದಾಯಿತೆ ಎಂಬ ರೂಢಿಯ ಪ್ರಶ್ನೆಗಿಂತ, ಅದು ಏನನ್ನು ಕಳಚಿತು ಮತ್ತು ಆ ಜಾಗದಲ್ಲಿ ಏನನ್ನು ಕಟ್ಟಿತು ಎಂಬ ಪ್ರಶ್ನೆ ಸಿರಿಯಾದ ದುರಂತವನ್ನು ಹೆಚ್ಚು ಚೆನ್ನಾಗಿ ವಿವರಿಸುತ್ತದೆ. ಸಹಾಯಧನದ ಕಡಿತವನ್ನು ಹಲವು ದೇಶಗಳು ರಕ್ತಪಾತವಿಲ್ಲದೆ ದಾಟಿವೆ. ಅಲ್ಲಿ ಸ್ವತಂತ್ರ ಸಂಘಟನೆ, ನ್ಯಾಯಾಲಯ, ಪತ್ರಿಕೆಗಳು ಜನರ ಕೋಪಕ್ಕೆ ಮಾತಿನ ರೂಪ ಕೊಟ್ಟು ಆಡಳಿತಕ್ಕೆ ತಲುಪಿಸಿದವು. ಆದುದರಿಂದ ಸರ್ವಾಧಿಕಾರದಡಿಯ ಯಾವುದೇ ಆರ್ಥಿಕ ಸುಧಾರಣೆಯನ್ನು ಅಳೆಯುವಾಗ ಬೆಳವಣಿಗೆಯ ದರದೊಂದಿಗೆ, ಅನ್ಯಾಯಕ್ಕೊಳಗಾದ ಪ್ರಜೆಗೆ ದೂರು ಕೊಡಲು ಪೊಲೀಸ್ ಠಾಣೆಯ ಹೊರಗೆ ಒಂದು ಜಾಗ ಉಳಿದಿದೆಯೇ ಎಂಬುದನ್ನೂ ಅಳತೆಗೋಲಾಗಿ ಬಳಸುವುದು ಅಗತ್ಯ.