ವಿಮರ್ಶಕರ ಮೇಲೆ ಸೇಡು ತೀರಿಸಿಕೊಂಡ ನಟ: ‘ಥಿಯೇಟರ್ ಆಫ್ ಬ್ಲಡ್’ ಸಿನಿಮಾದ ಕಥೆ

ಮೈಕೆಲ್ ಜಾಕ್ಸನ್ ಹಾಡಿದ ‘ಥ್ರಿಲ್ಲರ್’ ನೀವೂ ಕೇಳಿರುತ್ತೀರಿ. ಹಾಡು ಮುಗಿಯುವ ಹೊತ್ತಿಗೆ ವಯಸ್ಸಾದವರೊಬ್ಬರು ಗುಹೆಯೊಳಗಿಂದ ಬಂದಂಥ ದನಿಯಲ್ಲಿ ನಾಲ್ಕು ಮಾತು ಹೇಳಿ, ಆಮೇಲೆ ಗಹಗಹಿಸಿ ನಗುತ್ತಾರಲ್ಲ, ಅವರ ಹೆಸರು ವಿನ್ಸೆಂಟ್ ಪ್ರೈಸ್. 1982ರಲ್ಲಿ ಆ ಹಾಡು ಬಂದಾಗ ಅವರಿಗೆ 71 ವರ್ಷ. ಅಮೆರಿಕದ ಹಾರರ್ ಸಿನಿಮಾಗಳಲ್ಲಿ ವರ್ಷಗಟ್ಟಲೆ ಜನರನ್ನು ಹೆದರಿಸಿ, ಕೊನೆಗೆ ಮುಖವೂ ಬೇಡ, ದನಿ ಒಂದೇ ಸಾಕು ಅನ್ನುವಷ್ಟು ಹೆಸರು ಮಾಡಿದ ನಟ.

ಆ ನಟ ಹೆದರಿಸುತ್ತಲೇ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ ಸಿನಿಮಾ ಒಂದಿದೆ. 1973ರಲ್ಲಿ ಬಂದ ‘ಥಿಯೇಟರ್ ಆಫ್ ಬ್ಲಡ್’. ತೆಗೆದದ್ದು ಲಂಡನ್‌ನಲ್ಲಿ. ನಿರ್ದೇಶಕರು ಡಗ್ಲಸ್ ಹಿಕಾಕ್ಸ್, ಚಿತ್ರಕಥೆ ಆಂಟನಿ ಗ್ರೆವಿಲ್-ಬೆಲ್. ಐವತ್ತು ವರ್ಷ ದಾಟಿದ ಮೇಲೂ ಇದನ್ನು ಹುಡುಕಿಕೊಂಡು ಹೋಗಿ ನೋಡುವವರಿದ್ದಾರೆ. ಇದರ ಬಗ್ಗೆ ಬರೆಯೋಣ ಅಂತ ನಮಗೆ ಅನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಇದರಲ್ಲಿ ಕೊಲೆಯಾಗುವವರು ಹೆಚ್ಚುಕಡಿಮೆ ಎಲ್ಲರೂ ಪತ್ರಿಕೆಗೆ ಬರೆಯುವವರು!

ಕಥೆ ಹೀಗೆ. ಎಡ್ವರ್ಡ್ ಲಯನ್‌ಹಾರ್ಟ್ ಎಂಬ ರಂಗನಟ. ಷೇಕ್ಸ್‌ಪಿಯರ್ ಬಿಟ್ಟು ಬೇರೆ ನಾಟಕ ಮುಟ್ಟುವುದಿಲ್ಲ ಎಂಬ ಹಟ, ತನ್ನನ್ನು ಬಿಟ್ಟರೆ ನಟನೇ ಇಲ್ಲ ಎಂಬ ನಂಬಿಕೆ. ಲಂಡನ್ ವಿಮರ್ಶಕರ ಬಳಗ ಕೊಡುವ ಪ್ರಶಸ್ತಿ ಆ ವರ್ಷ ತನಗೇ ಎಂದು ಕಾದು ಕೂತಿರುತ್ತಾನೆ. ಅದು ಒಬ್ಬ ಹೊಸ ಹುಡುಗನ ಪಾಲಾಗುತ್ತದೆ. ವಿಮರ್ಶಕರೆಲ್ಲ ಸೇರಿದ್ದ ಮನೆಗೆ ಲಯನ್‌ಹಾರ್ಟ್ ಹೋಗುತ್ತಾನೆ, ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತವನ್ನು ಅವರ ಮುಂದೆ ಹೇಳುತ್ತಾನೆ, ಬಾಲ್ಕನಿಯಿಂದ ಥೇಮ್ಸ್ ನದಿಗೆ ಹಾರುತ್ತಾನೆ. ಸತ್ತನೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ನದಿ ದಂಡೆಯಲ್ಲಿ ಸ್ಪಿರಿಟ್ ಕುಡಿದು ಬಿದ್ದಿರುವ ದಿಕ್ಕಿಲ್ಲದವರ ಗುಂಪೊಂದು ಅವನನ್ನು ಮೇಲೆಳೆದು ಬದುಕಿಸುತ್ತದೆ. ಅವರೇ ಅವನ ಹೊಸ ಕಂಪನಿ. ಪಾಳುಬಿದ್ದ ಥಿಯೇಟರೊಂದು ಅವನ ಮನೆ. ಮಗಳು ಎಡ್ವಿನಾ ಅವನ ಬಲಗೈ.

ಬಳಗದಲ್ಲಿ ಇರುವವರು 9 ಮಂದಿ. ಲಯನ್‌ಹಾರ್ಟ್ ತನ್ನ ಕೊನೆಯ ಸೀಸನ್ನಿನಲ್ಲಿ ಆಡಿದ ನಾಟಕಗಳ ಪಟ್ಟಿಯೇ ಈಗ ಕೊಲೆಯ ಪಟ್ಟಿ. ಯಾವ ನಾಟಕಕ್ಕೆ ಯಾರು ಅಂತ ಮೊದಲೇ ನಿಗದಿ.

ಮೊದಲ ಬಲಿ ಜೂಲಿಯಸ್ ಸೀಸರ್ ರೀತಿಯಲ್ಲಿ. ತಾರೀಖು ಮಾರ್ಚ್ 15, ಸೀಸರ್ ಸತ್ತ ದಿನ. ಹೆಂಡತಿ ಬೇಡ ಬೇಡ ಅಂದರೂ ಹೊರಟ ವಿಮರ್ಶಕನನ್ನು ಪಾಳು ಕಟ್ಟಡದಲ್ಲಿ ಆ ಗುಂಪು ಸುತ್ತುವರಿದು ಇರಿಯುತ್ತದೆ. ಅವನ ಶವಸಂಸ್ಕಾರ ನಡೆಯುತ್ತಿರುವಾಗಲೇ ಕುದುರೆಯೊಂದು ಓಡಿ ಬರುತ್ತದೆ. ಬಾಲಕ್ಕೆ ಕಟ್ಟಿದ್ದು ಎರಡನೇ ವಿಮರ್ಶಕನ ಹೆಣ. ‘ಟ್ರಾಯ್ಲಸ್ ಅಂಡ್ ಕ್ರೆಸಿಡಾ’ ನಾಟಕದಲ್ಲಿ ಹೆಕ್ಟರ್‌ಗೆ ಆಗುವ ಗತಿ ಅದು. ಮೂರನೆಯವನ ತಲೆಯನ್ನು, ಪಕ್ಕದಲ್ಲಿ ಹೆಂಡತಿ ಮಲಗಿರುವಾಗಲೇ, ಗರಗಸದಿಂದ ಕೊಯ್ಯುತ್ತಾರೆ. ಬೆಳಿಗ್ಗೆ ಆ ತಲೆ ಇನ್ನೊಬ್ಬ ವಿಮರ್ಶಕನ ಮನೆ ಬಾಗಿಲಲ್ಲಿ, ಹಾಲಿನ ಬಾಟಲಿಯ ಮೇಲೆ ಕೂತಿರುತ್ತದೆ. ಓದುವಾಗ ಅಸಹ್ಯ ಅನಿಸಬಹುದು. ನೋಡುವಾಗ ನಗು ತಡೆಯಲಾಗುವುದಿಲ್ಲ, ಅದೇ ಈ ಸಿನಿಮಾದ ತೊಂದರೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ‘ವೆನಿಸಿನ ವರ್ತಕ’ನ ಪ್ರಸಂಗ. ಮೂಲ ನಾಟಕದಲ್ಲಿ ಸಾಲಕ್ಕೆ ಪ್ರತಿಯಾಗಿ ಒಂದು ಪೌಂಡ್ ಮಾಂಸ ಕೊಯ್ಯುವ ಕರಾರು ಇದೆ, ಆದರೆ ಕೊನೆಗೆ ಯಾರೂ ಕೊಯ್ಯುವುದಿಲ್ಲ. ಲಯನ್‌ಹಾರ್ಟ್ ಮಾತ್ರ ಕೊಯ್ದೇ ಬಿಡುತ್ತಾನೆ. ಉಳಿದ ವಿಮರ್ಶಕರಲ್ಲಿ ಬುದ್ಧಿವಂತನಾದ ಡೆವ್ಲಿನ್‌ಗೆ ಆಗ ಖಾತ್ರಿಯಾಗುತ್ತದೆ: ಷೇಕ್ಸ್‌ಪಿಯರನ್ನೇ ತಿದ್ದುವ ಧೈರ್ಯ ಇರುವುದು ಆ ಲಯನ್‌ಹಾರ್ಟ್ ಒಬ್ಬನಿಗೇ, ಹಾಗಾಗಿ ಕೊಲೆಗಾರ ಅವನೇ! ಪೊಲೀಸರಿಗೆ ಬೆರಳಚ್ಚು ಸಿಗಲಿಲ್ಲ, ವಿಮರ್ಶಕನಿಗೆ ಮಾತ್ರ ಶೈಲಿ ಸಿಕ್ಕಿತು.

ಹೀಗೆ ಒಬ್ಬನನ್ನು ವೈನ್ ಪೀಪಾಯಿಯಲ್ಲಿ ಮುಳುಗಿಸುತ್ತಾನೆ. ಒಬ್ಬನ ತಲೆಗೆ ಹೆಂಡತಿಯ ಮೇಲೆ ಸಂಶಯ ತುಂಬಿ ಅವನ ಕೈಯಿಂದಲೇ ಅವಳನ್ನು ಕೊಲ್ಲಿಸುತ್ತಾನೆ, ಅದು ಒಥೆಲೊ. ಕ್ಷೌರಿಕನ ವೇಷ ಹಾಕಿ ವಿಮರ್ಶಕಿಯೊಬ್ಬಳ ತಲೆಗೆ ಕರೆಂಟ್ ಹರಿಸುತ್ತಾನೆ, ಅದು ಬೆಂಕಿಯಲ್ಲಿ ಸುಟ್ಟ ಜೋನ್ ಆಫ್ ಆರ್ಕ್‌ಗೆ ಬದಲಿ. ಇನ್ನೊಬ್ಬ ಹೊಟ್ಟೆಬಾಕ. ಅವನು ಮಕ್ಕಳಂತೆ ಸಾಕಿದ ಎರಡು ನಾಯಿಗಳನ್ನು ಅಡುಗೆ ಮಾಡಿ, ಟಿವಿ ಕಾರ್ಯಕ್ರಮದ ಸೋಗಿನಲ್ಲಿ ಅವನಿಗೇ ಬಡಿಸುತ್ತಾನೆ.

ನಗಿಸುತ್ತಾ ಸೇಡು ಹೇಳುವ ಈ ದಾರಿ ಹೊಸದಲ್ಲ. 1949ರಲ್ಲೇ ಇಂಗ್ಲೆಂಡಿನಲ್ಲಿ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಬಂದಿತ್ತು. ತಾಯಿಯನ್ನು ಹೊರಗೆ ಹಾಕಿದ ಶ್ರೀಮಂತ ಮನೆತನದವರನ್ನು ಮಗ ಒಬ್ಬೊಬ್ಬರನ್ನಾಗಿ ಮುಗಿಸಿ ಪದವಿ ಹತ್ತುವ ಕಥೆ. ಆ ಮನೆತನದವರ ಪಾತ್ರಗಳನ್ನೆಲ್ಲ ಅಲೆಕ್ ಗಿನ್ನೆಸ್ ಒಬ್ಬರೇ ಮಾಡಿದ್ದರು. ಕೊಲೆಗಾರ ಮಗನಾಗಿದ್ದವರು ಡೆನ್ನಿಸ್ ಪ್ರೈಸ್. ಆ ಡೆನ್ನಿಸ್ ಪ್ರೈಸ್ 24 ವರ್ಷದ ನಂತರ ಈ ಸಿನಿಮಾದಲ್ಲಿ ಬಂದದ್ದು ಕುದುರೆ ಬಾಲಕ್ಕೆ ಕಟ್ಟಿಸಿಕೊಳ್ಳುವ ವಿಮರ್ಶಕನಾಗಿ. ವಿನ್ಸೆಂಟ್ ಪ್ರೈಸ್ ಕೂಡ 1971ರಲ್ಲಿ ‘ದಿ ಅಬಾಮಿನಬಲ್ ಡಾಕ್ಟರ್ ಫೈಬ್ಸ್’ ಮಾಡಿದ್ದರು. ಆಪರೇಷನ್ ಟೇಬಲ್ ಮೇಲೆ ಹೆಂಡತಿ ಸತ್ತಳೆಂದು ಆ ವೈದ್ಯರನ್ನೆಲ್ಲ ಬೈಬಲ್ಲಿನ ಹತ್ತು ಪಿಡುಗುಗಳ ಮಾದರಿಯಲ್ಲಿ ಕೊಲ್ಲುವ ಕಥೆ. ಅಲ್ಲಿ ವೈದ್ಯರು, ಇಲ್ಲಿ ವಿಮರ್ಶಕರು.

ಇನ್ನು ಸೇಡಿನ ನಾಟಕಕ್ಕೆ ಷೇಕ್ಸ್‌ಪಿಯರೇ ಒಂದು ಮೂಲ ಅಂದರೂ ನಡೆಯುತ್ತದೆ. ಮಕ್ಕಳ ಮಾಂಸವನ್ನು ತಾಯಿಗೇ ಬಡಿಸುವುದು ಅವರ ‘ಟೈಟಸ್ ಆಂಡ್ರಾನಿಕಸ್’ನಲ್ಲಿದೆ. ಸಿನಿಮಾದವರು ಮಕ್ಕಳ ಜಾಗಕ್ಕೆ ನಾಯಿ ಹಾಕಿದರು ಅಷ್ಟೇ. ನಮ್ಮಲ್ಲಿ ಕುವೆಂಪು ಅವರ ‘ರಕ್ತಾಕ್ಷಿ’ ಓದಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಅದು ಹ್ಯಾಮ್ಲೆಟ್‌ನ ಸೇಡನ್ನು ಬಿದನೂರಿನ ಅರಮನೆಗೆ ತಂದ ನಾಟಕ.

ಈಗ ನಾವು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರೋಣ. ಲಯನ್‌ಹಾರ್ಟ್ ಪಾತ್ರಕ್ಕೂ ಅದನ್ನು ಮಾಡಿದ ಮನುಷ್ಯನಿಗೂ ನಡುವೆ ಇರುವ ಗೋಡೆ ಬಹಳ ತೆಳು.

ಪ್ರೈಸ್ ಓದಿದವರು. ಯೇಲ್ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಕಲಿತವರು. ಶುರುವಾದದ್ದು ರಂಗಭೂಮಿಯಿಂದ, 1935ರಲ್ಲಿ ಬ್ರಾಡ್‌ವೇಯಲ್ಲಿ ‘ವಿಕ್ಟೋರಿಯಾ ರೆಜಿನಾ’ ನಾಟಕದಲ್ಲಿ ರಾಣಿಯ ಗಂಡನಾಗಿ ಹೆಸರು ಮಾಡಿದ್ದರು. ಸಿನಿಮಾಕ್ಕೆ ಬಂದ ಮೇಲೆ 1953ರ ‘ಹೌಸ್ ಆಫ್ ವ್ಯಾಕ್ಸ್’ ದೊಡ್ಡ ಹಿಟ್ ಆಯಿತು. ಅಲ್ಲಿಂದ ಅವರ ಹಣೆಯ ಮೇಲೆ ಹಾರರ್ ಎಂದು ಬರೆದ ಹಾಗಾಯಿತು. ರಂಗದ ಮೇಲೆ ಅಪರೂಪಕ್ಕೆ ಷೇಕ್ಸ್‌ಪಿಯರ್ ಸಿಕ್ಕಿದ್ದುಂಟು. ಸಿನಿಮಾದಲ್ಲಿ ಮಾತ್ರ ನಿರ್ಮಾಪಕರು ಕೊಟ್ಟದ್ದು ಶವಪೆಟ್ಟಿಗೆ, ನೆಲಮಾಳಿಗೆ, ಮೇಣದ ಬೊಂಬೆ. ಒಮ್ಮೆ ವಿಲನ್ ಪಾತ್ರ ಮಾಡಿದವರಿಗೆ ಮುಂದೆ ಅದನ್ನೇ ಕೊಡುವ ಚಾಳಿ ನಮ್ಮ ಗಾಂಧಿನಗರದಲ್ಲೂ ಇದೆ, ಬಿಡಿ.

‘ಥಿಯೇಟರ್ ಆಫ್ ಬ್ಲಡ್’ನಲ್ಲಿ ಪ್ರೈಸ್‌ಗೆ ಒಂದೇ ಏಟಿಗೆ ಹ್ಯಾಮ್ಲೆಟ್, ಶೈಲಾಕ್, ಮೂರನೇ ರಿಚರ್ಡ್, ಲಿಯರ್ ಎಲ್ಲರ ಮಾತೂ ಸಿಕ್ಕಿತು. ತಮಾಷೆಯ ಸಿನಿಮಾ ಹೌದು, ಆದರೆ ಆ ಸಾಲುಗಳನ್ನು ಅವರು ತಮಾಷೆಗೆ ಹೇಳಿಲ್ಲ, ಗಮನಿಸಿ ನೋಡಿ. ತಮ್ಮ ಸಿನಿಮಾಗಳಲ್ಲಿ ತಮಗೆ ಬಹಳ ಇಷ್ಟವಾದವುಗಳಲ್ಲಿ ಇದೂ ಒಂದು ಎಂದು ಅವರು ಹೇಳಿಕೊಂಡಿದ್ದರು.

ಇನ್ನೂ ವಿಚಿತ್ರ ಏನೆಂದರೆ, ಷೇಕ್ಸ್‌ಪಿಯರ್ ನಟನೆಯಲ್ಲಿ ನಿಜವಾಗಿ ಪಳಗಿದ್ದ ಹಲವರು ಇಲ್ಲಿ ಲಯನ್‌ಹಾರ್ಟ್‌ನ ಎದುರು ನಿಂತಿದ್ದಾರೆ. ಸೀಸರ್ ಹಾಗೆ ಸಾಯುವ ಮೈಕೆಲ್ ಹಾರ್ಡರ್ನ್ ರಂಗದ ಮೇಲೆ ಕಿಂಗ್ ಲಿಯರ್ ಆಗಿದ್ದವರು. ಹೃದಯ ಕೊಯ್ಯಿಸಿಕೊಳ್ಳುವ ಹ್ಯಾರಿ ಆಂಡ್ರೂಸ್ ಆ ನಾಟಕಗಳಲ್ಲೇ ಬೆಳೆದವರು. ಮಗಳಾಗಿರುವ ಡಯಾನಾ ರಿಗ್ ರಾಯಲ್ ಷೇಕ್ಸ್‌ಪಿಯರ್ ಕಂಪನಿಯಲ್ಲಿ ಲಿಯರ್‌ನ ಮಗಳು ಕಾರ್ಡೀಲಿಯಾ ಪಾತ್ರ ಮಾಡಿದ್ದರು. (ಈ ರಿಗ್ ಎಂಟು ವರ್ಷದವರೆಗೆ ಬೆಳೆದದ್ದು ರಾಜಸ್ಥಾನದ ಬಿಕಾನೇರಿನಲ್ಲಿ, ತಂದೆಗೆ ಅಲ್ಲಿ ರೈಲ್ವೆ ಕೆಲಸ. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಅಜ್ಜಿ ಒಲೆನ್ನಾ ಆಗಿ ಪರಿಚಯ.) ಹಾರರ್ ನಟ ಎಂದು ಮೂಲೆಗೆ ತಳ್ಳಿಸಿಕೊಂಡವರು ನಡುವೆ ನಿಂತು ಷೇಕ್ಸ್‌ಪಿಯರ್ ಹೇಳುತ್ತಾರೆ, ಪಳಗಿದವರು ಸುತ್ತ ನಿಂತು ಕೇಳಿಸಿಕೊಳ್ಳುತ್ತಾರೆ.

ವೈನ್ ಪೀಪಾಯಿಯದ್ದೂ ಒಂದು ಹಳೆಯ ಲೆಕ್ಕ. 1939ರ ‘ಟವರ್ ಆಫ್ ಲಂಡನ್’ನಲ್ಲಿ ರಿಚರ್ಡ್‌ನ ಅಣ್ಣ ಕ್ಲಾರೆನ್ಸ್ ಆಗಿ ಪೀಪಾಯಿಯಲ್ಲಿ ಮುಳುಗಿ ಸತ್ತವರು ಇದೇ ಪ್ರೈಸ್. 34 ವರ್ಷ ಕಳೆದು ಮುಳುಗಿಸುವ ಸರದಿ ಅವರದ್ದಾಯಿತು.

ನಾವು ಸುದ್ದಿ ಕಳಿಸುವವರು. ಹಾಗಾಗಿ ಈ ಸಿನಿಮಾದಲ್ಲಿ ನಮ್ಮ ಪಕ್ಷ ಯಾವುದು ಎಂಬುದೇ ತಲೆನೋವು. ಲಯನ್‌ಹಾರ್ಟ್ ತನ್ನ ಬಗ್ಗೆ ಬರೆದದ್ದನ್ನೆಲ್ಲ ಬಾಯಿಪಾಠ ಮಾಡಿದ್ದಾನೆ. ಡೆವ್ಲಿನ್ ಜೊತೆ ಕತ್ತಿವರಸೆ ಆಡುವಾಗ ಅವನು ಕೇಳುವ ಪ್ರಶ್ನೆಯ ಸಾರ ಇಷ್ಟು: ನಿನ್ನ ಚುರುಕು ಮಾತಿಗೆ ಎಷ್ಟು ನಟರು ಹಾಳಾದರು, ನಾಟಕ ಕಟ್ಟುವವರ ಬೆವರು ನಿನಗೇನು ಗೊತ್ತು? ಇದನ್ನು ಕೊಲೆಗಾರನ ಮಾತು ಎಂದು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ಜಿಲ್ಲೆಗಳ ಜಾತ್ರೆಯಲ್ಲಿ ಟೆಂಟ್ ಹಾಕುವ ಕಂಪನಿ ನಾಟಕಕ್ಕೆ ಪೇಪರಿನಲ್ಲಿ ಸಿಗುವುದು ನಾಲ್ಕು ಸಾಲು, ಒಂದು ಫೋಟೊ. ಆ ನಾಲ್ಕು ಸಾಲನ್ನು ಕತ್ತರಿಸಿ ಬಣ್ಣದ ಪೆಟ್ಟಿಗೆಯೊಳಗೆ ಇಟ್ಟುಕೊಂಡ ಕಲಾವಿದರನ್ನು ನಾವು ಕಂಡಿದ್ದೇವೆ. ಬರೆದವರಿಗೆ ಮರುದಿನ ಮರೆತುಹೋಗಿರುತ್ತದೆ.

ಹಾಗಂತ ಸಿನಿಮಾ ನಟನ ಪರ ವಕಾಲತ್ತು ಮಾಡುವುದಿಲ್ಲ. ವಿಮರ್ಶಕರಲ್ಲಿ ಹೆಚ್ಚಿನವರು ಜಂಬದವರು, ಕುಡುಕರು, ಹೆಣ್ಣಿನ ಹಿಂದೆ ಬಿದ್ದವರು ನಿಜ. ಆದರೆ ಕೊನೆಗೆ ಡೆವ್ಲಿನ್‌ನನ್ನು ಕುರ್ಚಿಗೆ ಕಟ್ಟಿ, ಕಾಸಿ ಕೆಂಪಗಾದ ಎರಡು ಬಾಕುಗಳನ್ನು ಅವನ ಕಣ್ಣಿನತ್ತ ಬಿಟ್ಟು, ಆ ಪ್ರಶಸ್ತಿಯನ್ನು ಈಗ ನನಗೆ ಕೊಡು ಎಂದು ಲಯನ್‌ಹಾರ್ಟ್ ಕೇಳುತ್ತಾನೆ. ಡೆವ್ಲಿನ್ ಕೊಡುವುದಿಲ್ಲ. ಆವತ್ತಿನ ತೀರ್ಪೇ ಇವತ್ತಿನ ತೀರ್ಪು. ಕಣ್ಣು ಹೋದರೂ ಸುಳ್ಳು ಬರೆದುಕೊಡಲಾರೆ ಅನ್ನುವ ಈ ಗಳಿಗೆಯಿಂದಾಗಿ ಅವನ ಮೇಲೂ ಗೌರವ ಹುಟ್ಟುತ್ತದೆ. ಪೊಲೀಸರು ಬರುತ್ತಾರೆ, ಥಿಯೇಟರಿಗೆ ಬೆಂಕಿ ಬೀಳುತ್ತದೆ, ಎಡ್ವಿನಾ ಸಾಯುತ್ತಾಳೆ. ಲಿಯರ್ ಕಾರ್ಡೀಲಿಯಾಳ ಹೆಣ ಹೊತ್ತಂತೆ ಲಯನ್‌ಹಾರ್ಟ್ ಮಗಳನ್ನು ಹೊತ್ತು ಛಾವಣಿ ಹತ್ತಿ, ಅಲ್ಲಿಂದ ಬೆಂಕಿಯೊಳಗೆ ಬೀಳುತ್ತಾನೆ. ಕೆಳಗೆ ನಿಂತು ನೋಡಿದ ಡೆವ್ಲಿನ್ ಆಗಲೂ ವಿಮರ್ಶೆ ಮಾಡುತ್ತಾನೆ: ಎಂದಿನಂತೆ ಅತಿಯಾದ ನಟನೆ, ಆದರೆ ರಂಗದಿಂದ ನಿರ್ಗಮಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು!

ಆ ಪಾಳು ಥಿಯೇಟರ್ ಸೆಟ್ ಅಲ್ಲ. ಲಂಡನ್‌ನ ಪಟ್ನಿ ಎಂಬಲ್ಲಿದ್ದ ಪಟ್ನಿ ಹಿಪ್ಪೊಡ್ರೋಮ್. 1906ರಲ್ಲಿ ಶುರುವಾಗಿ, ಮುಂದೆ ಸಿನಿಮಾ ಮಂದಿರವಾಗಿ, ಆಮೇಲೆ ಬಾಗಿಲು ಹಾಕಿ ವರ್ಷಗಟ್ಟಲೆ ಧೂಳು ಹಿಡಿದು ನಿಂತಿತ್ತು. ಚಿತ್ರೀಕರಣ ಮುಗಿದ ಕೆಲವೇ ವರ್ಷಕ್ಕೆ, 1975ರಲ್ಲಿ, ಕೆಡವಿದರು. ಅದರ ಬಾಲ್ಕನಿ, ರಂಗ, ಕೆತ್ತನೆ ನೋಡಬೇಕೆಂದರೆ ಈಗ ಈ ಸಿನಿಮಾ ಹಾಕಿಕೊಳ್ಳಬೇಕು. ನಮ್ಮ ತಾಲ್ಲೂಕು ಊರುಗಳ ಹಳೆಯ ಟಾಕೀಸುಗಳಿಗೆ ಅಷ್ಟೂ ಭಾಗ್ಯ ಸಿಗಲಿಲ್ಲ. ಎಷ್ಟೋ ಕಡೆ ಈಗ ಕಲ್ಯಾಣ ಮಂಟಪ, ಇಲ್ಲವೇ ಖಾಲಿ ಸೈಟು.

ತಲೆಗೆ ಕರೆಂಟ್ ಹರಿಸಿಕೊಂಡ ವಿಮರ್ಶಕಿಯ ಪಾತ್ರ ಮಾಡಿದವರು ಆಸ್ಟ್ರೇಲಿಯಾ ಮೂಲದ ರಂಗನಟಿ ಕೋರಲ್ ಬ್ರೌನ್. ಆ ಸೆಟ್ಟಿನಲ್ಲಿ ಪ್ರೈಸ್ ಮತ್ತು ಅವರ ನಡುವೆ ಪ್ರೀತಿ ಹುಟ್ಟಿತು. ಇಬ್ಬರೂ ಅರವತ್ತರ ಆಸುಪಾಸಿನವರು. 1974ರಲ್ಲಿ ಮದುವೆಯಾದರು, 1991ರಲ್ಲಿ ಬ್ರೌನ್ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಪ್ರೈಸ್ 1993ರಲ್ಲಿ ಹೋದರು.

2005ರಲ್ಲಿ ಲಂಡನ್‌ನ ನ್ಯಾಷನಲ್ ಥಿಯೇಟರಿನಲ್ಲಿ ಈ ಸಿನಿಮಾವನ್ನೇ ನಾಟಕ ಮಾಡಿ ಆಡಿದರು. ಲಯನ್‌ಹಾರ್ಟ್ ಆಗಿ ಜಿಮ್ ಬ್ರಾಡ್‌ಬೆಂಟ್. ಲಯನ್‌ಹಾರ್ಟ್‌ನ ಮಗಳಾಗಿ ರೇಚಲ್ ಸ್ಟರ್ಲಿಂಗ್, ಅಂದರೆ ಡಯಾನಾ ರಿಗ್ ಅವರ ಸ್ವಂತ ಮಗಳು. ವಿಮರ್ಶಕರನ್ನು ಹುಡುಕಿ ಹುಡುಕಿ ಕೊಲ್ಲುವ ಆ ನಾಟಕಕ್ಕೂ ಲಂಡನ್‌ನ ವಿಮರ್ಶಕರು ಹೋಗಿ ಕೂತರು, ನೋಟ್ ಮಾಡಿಕೊಂಡರು, ತಮಗೆ ಅನಿಸಿದ್ದನ್ನು ಪೇಪರಿಗೆ ಬರೆದರು.