ಚಳಿಯಲ್ಲಿ ಕಂಡ ಅಲೆಗಳು

ಇತಿಹಾಸದ ಪಾಠ ಹೇಳುವ ನನ್ನಂಥವರಿಗೆ ಇಸವಿ ಎಂದರೆ ಮೊದಲು ನೆನಪಾಗುವುದು ಯುದ್ಧ. ಆದರೆ ಯಾರ ರಕ್ತವೂ ಹರಿಯದ ಗೆಲುವುಗಳಿಗೂ ಇಸವಿಗಳುಂಟು. ಅಂಥ ಒಂದು ಗೆಲುವು ಚಳಿಯದು.

1908ರ ಜುಲೈ 10ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಎಂಬ ಪ್ರಾಧ್ಯಾಪಕರು ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದರು. ಅದಕ್ಕೆ ಬೇಕಾದ ಚಳಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ! ಹಿಮಾಲಯದ ಹಿಮವೂ ಅದರ ಮುಂದೆ ಕೆಂಡವೇ ಸರಿ. ಇಷ್ಟು ಚಳಿಯಿಂದ ಯಾರಿಗೇನು ಪ್ರಯೋಜನ ಎನ್ನಿಸುತ್ತದೆ, ಅಲ್ಲವೇ?

1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಹೊಸ ಬಗೆಯ ಸೂಕ್ಷ್ಮದರ್ಶಕವೊಂದನ್ನು ಕಟ್ಟಿದರು. ಅದರಲ್ಲಿ ಮಸೂರವಿಲ್ಲ, ಇರುವುದು ಸೂಜಿ. ಅದರ ಮೊನೆ ಲೋಹವನ್ನು ಮುಟ್ಟದೆ, ಮಿಲಿಮೀಟರಿನ ಸುಮಾರು ಹತ್ತು ಲಕ್ಷದ ಒಂದು ಪಾಲಿನಷ್ಟು ದೂರದಲ್ಲಿ ನಿಲ್ಲುತ್ತದೆ. ನಡುವೆ ದಾರಿಯಿಲ್ಲದಿದ್ದರೂ ಎಲೆಕ್ಟ್ರಾನುಗಳು ಗೋಡೆಗೆ ಸುರಂಗ ಕೊರೆದವರಂತೆ ದಾಟಿಬಿಡುತ್ತವೆ. ಹಾಗೆ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆಯುತ್ತ, ಕುರುಡರು ಬೆರಳಿನಿಂದ ಓದುವಂತೆ, ಪರಮಾಣುಗಳ ಉಬ್ಬುತಗ್ಗುಗಳನ್ನು ಓದಬಹುದು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಸಾಮಾನ್ಯ ಶಾಖದಲ್ಲಿ ಲೋಹದ ಮೇಲಿನ ಬಿಡಿ ಪರಮಾಣುಗಳು ಜಾತ್ರೆಗೆ ಬಂದ ಮಕ್ಕಳಂತೆ, ನಿಂತಲ್ಲಿ ನಿಲ್ಲವು. ಅವನ್ನು ಸುಮ್ಮನಾಗಿಸಲು ಓನ್ಸರ ದ್ರವ ಹೀಲಿಯಮ್ಮೇ ಬೇಕಾಯಿತು. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರೋಮಿ, ಲುಟ್ಜ್ ಮತ್ತು ಐಗ್ಲರ್ ಆ ಚಳಿಯಲ್ಲಿ ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ಸೂಜಿಯಿಂದಲೇ ಒಂದೊಂದಾಗಿ ಸರಿಸಿ, ನಾವು ರಂಗೋಲಿಗೆ ಚುಕ್ಕಿಯಿಡುವಂತೆ ವೃತ್ತವಾಗಿ ಜೋಡಿಸಿದರು. ಒಳಗೆ ಕಂಡದ್ದೇನು? ಬೋಗುಣಿಯ ನೀರಿನಲ್ಲಿ ಏಳುವಂಥ ಉಂಗುರದಲೆಗಳು! ಬೇಲಿಯೊಳಗೆ ಸಿಕ್ಕಿದ ಎಲೆಕ್ಟ್ರಾನುಗಳ ಅಲೆಗಳವು. ಸೂಜಿಯನ್ನು ಒಂದೆಡೆ ನಿಲ್ಲಿಸಿ ವೋಲ್ಟೇಜನ್ನು ಮಾತ್ರ ಬದಲಿಸುತ್ತ ಹೋದಾಗ, ಅವುಗಳ ಶಕ್ತಿ ಇಳಿಜಾರಿನಂತೆ ಒಂದೇ ಸಮನೆ ಇರದೆ ಮೆಟ್ಟಿಲು ಮೆಟ್ಟಿಲಾಗಿರುವುದೂ ತಿಳಿಯಿತು. ಎಲೆಕ್ಟ್ರಾನು ಅಲೆಯೂ ಹೌದೆಂದು ಫ್ರಾನ್ಸಿನ ಡಿ ಬ್ರಾಯ್ 1924ರ ಪ್ರಬಂಧದಲ್ಲಿ ಬರೆದದ್ದು ಇಲ್ಲಿ ಚಿತ್ರವಾಗಿ ಕಣ್ಣೆದುರು ನಿಂತಿತು.

1908ರಿಂದ 1993ಕ್ಕೆ ಎಂಬತ್ತೈದು ವರ್ಷ. ಓನ್ಸ್ 1926ರಲ್ಲೇ ತೀರಿಕೊಂಡಿದ್ದರು. ಹಲಸಿನ ಸಸಿ ನೆಟ್ಟವರೇ ಹಣ್ಣು ತಿನ್ನಬೇಕೆಂದಿಲ್ಲವಲ್ಲ. "ಹುಡುಗಿ ಇಷ್ಟು ಓದಿ ಏನಾಗಬೇಕು?" ಎಂದು ನನ್ನ ಮುಂದೆ ಕೇಳುವ ತಾಯ್ತಂದೆಯರು ಇಂದಿಗೂ ಇದ್ದಾರೆ. ಅವರಿಗೆ ನಾನು ಈ ಚಳಿಯ ಕಥೆ ಹೇಳುತ್ತೇನೆ. ಕಲಿತದ್ದು ಯಾವ ಕಾಲಕ್ಕೆ, ಯಾರ ಕೈಯಲ್ಲಿ ಬೆಳಕಾಗುವುದೋ ಇಂದೇ ಹೇಳಬಲ್ಲವರು ಯಾರು?